ಮಣ್ಣು ವಡ್ಡರು ತೋಡಿಕೊಟ್ಟ ಇಂಗುಬಾವಿ: ಎರಡು ಮಳೆಗಾಲ ಕಂಡ ಮೇಲೆ

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ನಮ್ಮ ಮನೆಯ ಮುಂದೆ 2024ರ ಮೇ ತಿಂಗಳಲ್ಲಿ ಬಾವಿ ತೋಡುವ ಕಸುಬಿನ ಮಣ್ಣು ವಡ್ಡರ ತಂಡವೊಂದರಿಂದ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಒಂದು ಇಂಗುಬಾವಿ, ಅಂದರೆ ಮಳೆನೀರನ್ನು ನೆಲದೊಳಗೆ ಇಂಗಿಸುವ ಬಾವಿ, ತೋಡಿಸಿದೆವು. ಆಮೇಲೆ ಎರಡು ಮಳೆಗಾಲಗಳು ಕಳೆದಿವೆ. ಬೀದಿಯವರು, ನೆಂಟರು, ಮಗನ ಕಚೇರಿಯವರು ಕೂಡ ಅದರ ಬಗ್ಗೆ ವಿಚಾರಿಸುತ್ತಿರುವುದರಿಂದ ಕೆಲಸ ಹೇಗಾಯಿತು, ಎಷ್ಟು ಖರ್ಚಾಯಿತು, ನೀರು ನಿಜವಾಗಿ ಇಂಗಿತೇ, ಯಾವ ಕೊರತೆಗಳಿದ್ದವು ಎಂಬುದನ್ನೆಲ್ಲ ಒಂದೇ ಕಡೆ ಬರೆದಿಡುವುದು ಒಳ್ಳೆಯದೆನಿಸಿತು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಚೊಕ್ಕವಾಗಿತ್ತು, ಬೆಲೆ ನ್ಯಾಯವಾಗಿತ್ತು, ಜಾಗವಿದ್ದವರು ಧೈರ್ಯವಾಗಿ ತೋಡಿಸಬಹುದು. ಆದರೆ ಇಂಗುಬಾವಿಗೆ ಎಷ್ಟು ನೀರು ಬಿಟ್ಟೆವು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆಯೇ ಹೊರತು ಅದರೊಳಗೆ ಯಾವ ನೀರನ್ನು ಬಿಡಬಾರದು ಎಂದು ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಯೇ ದೊಡ್ಡದು, ಮತ್ತು ಅದನ್ನು ನಾವು ಕಲಿತದ್ದು ಪಕ್ಕದ ಮನೆಯವರ ನೀರನ್ನು ಕೆಡಿಸಿದ ಮೇಲೆ.

ಮನೆ ಕಟ್ಟಿದ 1996ರಲ್ಲಿ ಕೊರೆಸಿದ್ದ ಕೊಳವೆಬಾವಿ 240 ಅಡಿ ಆಳದ್ದು. ಸುಮಾರು ಹದಿನೆಂಟು ವರ್ಷ ಅದು ನಮಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. 2014ರ ಬೇಸಿಗೆಯಲ್ಲಿ ಮೋಟಾರು ಹತ್ತು ನಿಮಿಷ ಓಡಿ ಗಾಳಿ ಎಳೆಯತೊಡಗಿತು. 2017ರ ಹೊತ್ತಿಗೆ ನೀರು ಮೋಟಾರಿಗೆ ಎಟುಕದಂತಾಯಿತು. ಆಗ ಒಬ್ಬರು ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅಂಗಳದಲ್ಲಿ ನಡೆದು ಕೊರೆಯಬೇಕಾದ ಪಾಯಿಂಟ್ ಹಾಕಿಕೊಟ್ಟರು. ಬೋರ್‌ವೆಲ್ ಕೊರೆಯುವ ಏಜೆನ್ಸಿಯವರು ರಾತ್ರಿಯೆಲ್ಲ ಕೊರೆದು 1,080 ಅಡಿಗೆ ಒಂದೂವರೆ ಇಂಚು ನೀರು ತೋರಿಸಿ, ಅಡಿ ಲೆಕ್ಕದಲ್ಲಿ ಹಣ ಪಡೆದು ಹೋದರು. ಯಾವ ಆಳದಲ್ಲಿ ಯಾವ ಕಲ್ಲು ಸಿಕ್ಕಿತು, ಮಣ್ಣು ಕುಸಿಯದಂತೆ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಿದ್ದಾರೆ ಎಂಬ ಒಂದು ಚೀಟಿಯನ್ನೂ ಅವರು ಕೊಡಲಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಆ ನೀರಿನಲ್ಲಿ ಲೀಟರಿಗೆ 1.9 ಮಿಲಿಗ್ರಾಂ ಫ್ಲೋರೈಡ್ ಇತ್ತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಣೀಯ ಮಿತಿ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ ಸಹಿಸಬಹುದಾದ ಮಿತಿ 1.5. ನನ್ನ ತವರು ಕೋಲಾರದ ಕಡೆಯದು. ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದ ಮಕ್ಕಳನ್ನು ಅಲ್ಲಿ ಚಿಕ್ಕಂದಿನಿಂದ ನೋಡಿದ್ದರಿಂದ ಆ ಅಂಕಿಯನ್ನು ಓದಿದಾಗ ಆದ ದುಃಖವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೇವೆಯ ಬಗ್ಗೆ ಹೇಳುವ ಮೊದಲು ನಮ್ಮ ಕಾಲ ಕೆಳಗಿನ ನೆಲದ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಅದನ್ನು ಅರಿಯದೆ ಇಂಗುಬಾವಿಯ ಕೆಲಸವನ್ನು ಅಳೆಯಲು ಬರುವುದಿಲ್ಲ. ಬೆಂಗಳೂರು ನಿಂತಿರುವುದು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದಾದ ನೈಸ್ ಎಂಬ ಗಟ್ಟಿ ಶಿಲೆಯ ಮೇಲೆ. ಲಾಲ್‌ಬಾಗಿನ ಬಂಡೆಯನ್ನು ಹತ್ತಿದವರೆಲ್ಲ ಅದನ್ನು ಮೆಟ್ಟಿದ್ದಾರೆ. ಈ ಬಂಡೆ ಮರಳಿನಂತೆ ನೀರು ಹೀರುವುದಿಲ್ಲ. ಮೇಲ್ಭಾಗದಲ್ಲಿ ಮಳೆ ಬಿಸಿಲಿಗೆ ಶಿಥಿಲವಾಗಿ ಮಣ್ಣಾದ ಹಲವು ಅಡಿಗಳ ಒಂದು ಪದರವಿದ್ದು, ಅದು ಸ್ಪಂಜಿನಂತೆ ನೀರನ್ನು ಹಿಡಿದಿಡುತ್ತದೆ. ಹಿಂದಿನವರ ತೆರೆದ ಬಾವಿಗಳು ಬದುಕಿದ್ದದ್ದು ಈ ಪದರದಿಂದ. ಅದರ ಕೆಳಗೆ ಗಟ್ಟಿ ಬಂಡೆ. ಅಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ, ಮತ್ತು ಆಳಕ್ಕೆ ಹೋದಂತೆ ಬಿರುಕುಗಳೂ ಕಡಿಮೆಯಾಗುತ್ತವೆ. ಸಾವಿರ ಅಡಿಯ ಕೊಳವೆಬಾವಿಯಲ್ಲಿ ಸಿಗುವ ನೀರು ಬಹಳ ಕಾಲದಿಂದ ಕಲ್ಲಿನ ಜೊತೆಯಲ್ಲೇ ಕೂತಿದ್ದ ನೀರು. ಫ್ಲೋರೈಡ್ ಅದರಲ್ಲಿ ಸೇರುವುದೂ ಆ ಕಲ್ಲಿನಿಂದಲೇ. ಈ ವರ್ಷದ ಮಳೆಯಿಂದ ಮುಂದಿನ ವರ್ಷಕ್ಕೆ ತುಂಬಿಕೊಳ್ಳಬಲ್ಲದ್ದು ಮೇಲಿನ ಪದರ. ಇಂಗುಬಾವಿ ನೀರು ಕೊಡುವುದು ಅದಕ್ಕೆ.

ಈ ತಿಳಿವಳಿಕೆ ನಮಗೆ 2019ರಲ್ಲಿ ಇರಲಿಲ್ಲ. ಮಳೆಕೊಯ್ಲು ಮಾಡಿಸಲೇಬೇಕೆಂದು ಹೊರಟಾಗ ಒಬ್ಬ ಪ್ಲಂಬಿಂಗ್ ಗುತ್ತಿಗೆದಾರರು ಅತಿ ಸುಲಭದ ದಾರಿ ತೋರಿಸಿದರು: ತಾರಸಿಯ ಪೈಪನ್ನು ನೇರವಾಗಿ ಹಳೆಯ 240 ಅಡಿ ಕೊಳವೆಬಾವಿಯ ಕೇಸಿಂಗ್‌ಗೆ ಜೋಡಿಸಿಬಿಡುವುದು. ನಡುವೆ ಒಂದು ಸಣ್ಣ ಜಾಲರಿ ಬಿಟ್ಟರೆ ಸೋಸುವ ವ್ಯವಸ್ಥೆ ಏನೂ ಇರಲಿಲ್ಲ. ಒಂದೇ ದಿನದಲ್ಲಿ ಮುಗಿದ ಕೆಲಸ ನಮಗೆ ಬಹಳ ಹಿಡಿಸಿತ್ತು. ಎರಡನೆಯ ದೊಡ್ಡ ಮಳೆಯ ಮರುದಿನ ಪಕ್ಕದ ಮನೆಯ ಅಜ್ಜಿ ಒಂದು ಸ್ಟೀಲ್ ಚೊಂಬಿನಲ್ಲಿ ತಮ್ಮ ಕೊಳವೆಬಾವಿಯ ನೀರು ತಂದು ಕಟ್ಟೆಯ ಮೇಲಿಟ್ಟು, "ನೋಡಮ್ಮ, ಚಹಾ ಸೋಸಿದ ಹಾಗಿದೆ" ಎಂದರು. ನಮ್ಮದಕ್ಕೂ ಅವರದಕ್ಕೂ ನಡುವೆ ಅರುವತ್ತು ಅಡಿಯೂ ಇಲ್ಲ. ಪರೀಕ್ಷೆ ಮಾಡಿಸಿದಾಗ ನೀರು ಮಲಿನವಾಗಿದೆ ಎಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರುವುದು ಗೊತ್ತಾಯಿತು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಅದು ಒಂದೂ ಇರಕೂಡದು. ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವ ನೀರನ್ನು ಮಣ್ಣೇ ಸೋಸುತ್ತದೆ. ಕೊಳವೆಯ ಮೂಲಕ ಬಿರುಕಿಗೆ ಸುರಿದ ನೀರನ್ನು ಯಾರೂ ಸೋಸುವುದಿಲ್ಲ. ನಮ್ಮ ತಾರಸಿಯ ಪಾರಿವಾಳದ ಹಿಕ್ಕೆ ನೇರವಾಗಿ ಆ ಅಜ್ಜಿಯ ಲೋಟಕ್ಕೆ ಹೋಗಿತ್ತು. ಅಂದೇ ಪೈಪು ಬಿಚ್ಚಿಸಿ, ಕೇಸಿಂಗ್‌ಗೆ ಮುಚ್ಚಳ ಬಿಗಿದು, ಅವರ ಬಾವಿಗೆ ಕ್ಲೋರಿನ್ ಹಾಕಿಸುವ ಖರ್ಚನ್ನೂ ನಾವೇ ಕೊಟ್ಟೆವು. ಇವತ್ತಿಗೂ ಇಂಥ ನೇರ ಜೋಡಣೆಯನ್ನು 'ಬೋರ್‌ವೆಲ್ ರೀಚಾರ್ಜ್' ಎಂಬ ಹೆಸರಿನಲ್ಲಿ ಅಗ್ಗಕ್ಕೆ ಮಾಡಿಕೊಡುವವರಿದ್ದಾರೆ. ಈ ಬರಹದಿಂದ ಒಬ್ಬರಾದರೂ ಅದನ್ನು ಬೇಡವೆಂದರೆ ಬರೆದ ಶ್ರಮ ಸಾರ್ಥಕ.

2024ರ ಬೇಸಿಗೆ ಎಲ್ಲರಿಗೂ ನೆನಪಿದೆ. ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ಕಾವೇರಿ ನೀರು ನಮ್ಮ ಬಡಾವಣೆಗೆ ವಾರಕ್ಕೆ ಎರಡು ದಿನ ಬರುತ್ತಿತ್ತು. ಮೂರನೆಯ ಕೊಳವೆಬಾವಿ ಕೊರೆಸೋಣವೆಂದು ಮನೆಯಲ್ಲಿ ಮಾತು ಬಂದಾಗ ನಾನು ಒಪ್ಪಲಿಲ್ಲ. ಹಿಂದಿನ ಬೀದಿಯ ಒಬ್ಬರ ಮನೆಯಲ್ಲಿ ಇಂಗುಬಾವಿ ತೋಡಿದ್ದ ಭೋವಿ (ವಡ್ಡರ) ಸಮುದಾಯದ ಮೇಸ್ತ್ರಿಯ ಪರಿಚಯ ಸಿಕ್ಕಿತು. ಬಾವಿ ತೋಡುವುದು, ಕೆರೆ ಏರಿ ಕಟ್ಟುವುದು ಈ ಮಣ್ಣು ವಡ್ಡರಿಗೆ ತಲೆತಲಾಂತರದಿಂದ ಬಂದ ಕಸುಬು. ಕೊಳವೆಬಾವಿ ಬಂದ ಮೇಲೆ ಕೆಲಸವಿಲ್ಲದೆ ಚದುರಿಹೋಗಿದ್ದ ಎಷ್ಟೋ ಕುಟುಂಬಗಳಿಗೆ ಇಂಗುಬಾವಿಗಳಿಂದ ಮತ್ತೆ ಕಸುಬು ಸಿಕ್ಕಿದೆ. ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಆಗಬೇಕೆಂಬ ಬಯೋಮ್ ಪರಿಸರ ಟ್ರಸ್ಟಿನ ಆಂದೋಲನ ಇವರನ್ನು ನಗರಕ್ಕೆ ಪರಿಚಯಿಸಿದ್ದು ದೊಡ್ಡ ಕೆಲಸ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿ ಅವುಗಳಲ್ಲಿ ಮತ್ತೆ ನೀರು ಕಾಣುವಂತೆ ಮಾಡಿದ್ದೂ ಇವರ ಕೈಗಳೇ.

ಮೇಸ್ತ್ರಿ ಬಂದವರೇ ಮೊದಲು ಕೇಳಿದ್ದು ನೀರಿನ ಬಗ್ಗೆ ಅಲ್ಲ. "ಅಮ್ಮಾ, ಹಳೇ ಪಿಟ್ಟು ಎಲ್ಲಿತ್ತು?" ಒಳಚರಂಡಿ ಬರುವ ಮುಂಚೆ ಇದ್ದ ಕಕ್ಕಸುಗುಂಡಿ ಮನೆಯ ಹಿಂದಿನ ಮೂಲೆಯಲ್ಲಿದೆ, ಅದನ್ನು ಮಣ್ಣು ಹಾಕಿ ಮುಚ್ಚಿಸಿದ್ದೇವೆ ಎಂದಾಗ ಅವರು ಹೆಜ್ಜೆ ಹಾಕಿ ಅಳೆದು, ಅದರಿಂದ ಐವತ್ತು ಅಡಿಗಿಂತ ದೂರ ಬರುವಂತೆ ಗೇಟಿನ ಪಕ್ಕದ ಜಾಗವನ್ನು ಗುರುತಿಸಿದರು. ಪಕ್ಕದ ಮನೆಗಳ ಗುಂಡಿ, ಬೀದಿಯ ಒಳಚರಂಡಿಯ ಮ್ಯಾನ್‌ಹೋಲ್ ಎಲ್ಲಿವೆ ಎಂದೂ ನೋಡಿ ಬಂದರು. ಸಾವಿರ ಅಡಿ ಕೊರೆದವರು ಕೇಳದ ಪ್ರಶ್ನೆಯನ್ನು ಇಪ್ಪತ್ತು ಅಡಿ ತೋಡುವವರು ಕೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಮರುದಿನ ಬೆಳಿಗ್ಗೆ ಏಳಕ್ಕೆ ನಾಲ್ವರು ಬಂದರು. ಗುರುತು ಹಾಕಿದ ಜಾಗಕ್ಕೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಗಂಗೆಗೆ ಕೈಮುಗಿದು ಕಾಯಿ ಒಡೆದ ಮೇಲೆಯೇ ಹಾರೆ ನೆಲಕ್ಕೆ ಬಿದ್ದದ್ದು. ಒಬ್ಬರು ಒಳಗೆ, ಮೂವರು ಮೇಲೆ. ಗಿಡ್ಡ ಹಿಡಿಯ ಗುದ್ದಲಿಯಿಂದ ಅಗೆದು ಬಾಂಡ್ಲಿಗೆ ತುಂಬಿದ ಮಣ್ಣನ್ನು ರಾಟೆಯ ಹಗ್ಗದಲ್ಲಿ ಮೇಲಕ್ಕೆ ಎಳೆಯುತ್ತಿದ್ದರು. ತಮ್ಮತಮ್ಮಲ್ಲಿ ತೆಲುಗು ಬೆರೆತ ಮಾತಿನಲ್ಲಿ ಕೂಗಿ ಹೇಳಿಕೊಳ್ಳುತ್ತ, ಇಡೀ ದಿನ ಒಂದೇ ತಾಳದಲ್ಲಿ ಕೆಲಸ ನಡೆಯಿತು. ಮೊದಲ ಮೂರು ಅಡಿ ಮನೆ ಕಟ್ಟುವಾಗ ತುಂಬಿದ್ದ ಇಟ್ಟಿಗೆ ಚೂರು, ಗಾರೆ. ಅಲ್ಲಿಂದ ಹನ್ನೊಂದು ಅಡಿಯವರೆಗೆ ಕೈಗೆ ಅಂಟುವ ಕೆಮ್ಮಣ್ಣು. ಆಮೇಲೆ ಗರಸು. ಹದಿನಾರು ಅಡಿ ದಾಟಿದ ಮೇಲೆ ಬಿಳಿ, ಕಿತ್ತಳೆ, ಬೂದು ಬಣ್ಣದ ಗೆರೆಗಳಿದ್ದ, ಹಿಸುಕಿದರೆ ಪುಡಿಯಾಗುವ ಶಿಥಿಲ ಕಲ್ಲು ಬಂತು. ಮೇಸ್ತ್ರಿ ಅದರ ಒಂದು ಹೆಂಟೆಯನ್ನು ನನ್ನ ಅಂಗೈಗೆ ಹಾಕಿ, "ಮೇಲಿನದು ನೀರು ಹಿಡಿಯೋ ಮಣ್ಣು ಅಮ್ಮಾ, ಇದು ನೀರು ಕುಡಿಯೋ ಮಣ್ಣು" ಎಂದರು. ಭೂವಿಜ್ಞಾನದ ಪುಸ್ತಕ ಒಂದು ಪುಟದಲ್ಲಿ ವಿವರಿಸುವುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಒಪ್ಪಂದದಲ್ಲಿ ಮೂವತ್ತು ಅಡಿ ಎಂದಿತ್ತು. ಮೂರನೆಯ ದಿನ ಇಪ್ಪತ್ತು ಅಡಿಯಲ್ಲಿ ಮೇಸ್ತ್ರಿ ಕೆಲಸ ನಿಲ್ಲಿಸಿ, ಐದು ಕೊಡ ನೀರನ್ನು ತಳಕ್ಕೆ ಸುರಿಸಿ, ಕೈಗಡಿಯಾರ ನೋಡುತ್ತ ಕುಳಿತರು. ಹತ್ತು ನಿಮಿಷದೊಳಗೆ ನೀರು ಮಾಯವಾಯಿತು. ಇನ್ನು ಕೆಳಗೆ ಹೋಗುವುದು ಬೇಡ, ಇಲ್ಲಿಂದ ಕೆಳಗೆ ತೋಡಿದರೆ ನಿಮಗೆ ಖರ್ಚು, ನೀರಿಗೆ ಲಾಭವಿಲ್ಲ ಎಂದರು. ಹತ್ತು ಅಡಿಯ ಕೂಲಿಯನ್ನೂ ಹತ್ತು ರಿಂಗಿನ ಬೆಲೆಯನ್ನೂ ತಾವಾಗಿ ಬಿಟ್ಟುಕೊಟ್ಟ ಈ ನಡತೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಇಳಿಯುವ ನೀರಿಗೂ ಕೆಳಗಿರುವ ಜಲಮಟ್ಟಕ್ಕೂ ನಡುವೆ ಮಣ್ಣಿನ ದಪ್ಪ ಉಳಿದಷ್ಟೂ ಸೋಸುವಿಕೆ ಚೆನ್ನಾಗಿ ಆಗುತ್ತದೆ ಎಂಬುದು ವಿಜ್ಞಾನಿಗಳು ಹೇಳುವ ಮಾತು. ಅವರ ತೀರ್ಮಾನ ಅದಕ್ಕೂ ಸರಿಹೊಂದುತ್ತಿತ್ತು.

ಒಂದು ಅಡಿ ಎತ್ತರದ ಸಿಮೆಂಟ್ ರಿಂಗುಗಳನ್ನು ಹಗ್ಗದಲ್ಲಿ ಇಳಿಸಿ ಒಂದರ ಮೇಲೊಂದು ಕೂರಿಸಿದರು. ಕೀಲುಗಳಿಗೆ ಸಿಮೆಂಟು ಮೆತ್ತಲಿಲ್ಲ, ಏಕೆಂದರೆ ನೀರು ಪಕ್ಕಕ್ಕೂ ಇಂಗಬೇಕು. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ ದಪ್ಪ ಜಲ್ಲಿ ತುಂಬಿದರು. ಮೇಲಿನ ಮೂರು ರಿಂಗುಗಳಿಗೆ ಮಾತ್ರ ಹೊರಗಿನಿಂದ ಗಾರೆ ಮೆತ್ತಿ, ಅಂಗಳದ ಕೊಳೆ ನೀರು ನೇರವಾಗಿ ಒಳಗಿಳಿಯದಂತೆ ಬಾಯಿಯನ್ನು ನೆಲದಿಂದ ಒಂದು ಅಡಿ ಎತ್ತರಿಸಿದರು. ತಾರಸಿಯ ನೀರು ಮೊದಲು ಕಸ ತಡೆಯುವ ಜಾಲರಿ, ಆಮೇಲೆ ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಡುವ ವಾಲ್ವ್, ಆಮೇಲೆ ಜಲ್ಲಿ ಮತ್ತು ಮರಳಿನ ಸೋಸುತೊಟ್ಟಿ ದಾಟಿ 6,000 ಲೀಟರಿನ ಸಂಪಿಗೆ ಹೋಗುತ್ತದೆ. ಸಂಪು ತುಂಬಿ ಹೊರಚೆಲ್ಲಿದ ನೀರು ಮಾತ್ರ ಇಂಗುಬಾವಿಗೆ. ಈ ಪ್ಲಂಬಿಂಗ್ ಕೆಲಸ ಬೇರೆಯವರದು. ತಾರಸಿಯ ಮೇಲೆ ಬಟ್ಟೆ ತೊಳೆದ ಸೋಪಿನ ನೀರು ಅದೇ ಪೈಪಿಗೆ ಸೇರುತ್ತಿರುವುದನ್ನು ತೋರಿಸಿ ಬೇರ್ಪಡಿಸಿದ್ದು ಮಾತ್ರ ಮೇಸ್ತ್ರಿಯೇ.

ಇನ್ನು ಲೆಕ್ಕ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ನಮ್ಮ ತಾರಸಿ 130 ಚದರ ಮೀಟರ್. ಹಾಗಾಗಿ ಒಂದು ವರ್ಷದಲ್ಲಿ ಅದರ ಮೇಲೆ ಬೀಳುವುದು ಸುಮಾರು 1 ಲಕ್ಷ 26 ಸಾವಿರ ಲೀಟರ್. ಹೊರಗೆ ಬಿಡುವ ಮೊದಲ ಮಳೆ, ಆವಿ, ಸಂಪಿನಿಂದ ನಾವು ಬಳಸಿದ್ದು ಎಲ್ಲ ಕಳೆದರೆ ಬಾವಿಗೆ ವರ್ಷಕ್ಕೆ 70 ಸಾವಿರ ಲೀಟರ್ ಹೋಗಿರಬಹುದೆಂದು ನನ್ನ ಅಂದಾಜು. 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಹನ್ನೆರಡು ಲೋಡಿಗೆ ಹತ್ತಿರ. ಬಾವಿ ಒಮ್ಮೆಗೆ ಹಿಡಿಯುವುದು 4,000 ಲೀಟರ್. 2024ರ ಜೂನ್ ಮೊದಲ ವಾರದ ಮಳೆಯ ರಾತ್ರಿ ಟಾರ್ಚು ಹಿಡಿದು ನೋಡಿದಾಗ ಏಳು ಅಡಿ ನೀರು ನಿಂತಿತ್ತು. ಬೆಳಗಾಗುವಾಗ ಎರಡು ಅಡಿ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ದಿನವೂ ಸುರಿದ ವಾರದಲ್ಲಿ ಬಾವಿ ತುಂಬಿ ಎರಡು ಬಾರಿ ನೀರು ರಸ್ತೆಗೆ ಹೋಯಿತು. ಮಣ್ಣು ಒದ್ದೆಯಾಗಿದ್ದಾಗ ಇಂಗುವ ವೇಗ ಕುಗ್ಗುತ್ತದೆ. ನಮ್ಮಷ್ಟು ತಾರಸಿ ಇರುವವರು ನಾಲ್ಕು ಅಡಿ ಅಗಲದ ಬಾವಿಯನ್ನೋ ಎರಡು ಬಾವಿಗಳನ್ನೋ ಯೋಚಿಸುವುದು ಒಳ್ಳೆಯದು.

ಹಳೆಯ 240 ಅಡಿ ಕೊಳವೆಬಾವಿ ಈಗ ನನ್ನ ಅಳತೆಬಾವಿ. ಅಳತೆ ಟೇಪಿನ ತುದಿಗೆ ಒಂದು ಸಣ್ಣ ಸ್ಟೀಲ್ ಲೋಟವನ್ನು ಬೋರಲಾಗಿ ಕಟ್ಟಿ ಇಳಿಬಿಟ್ಟರೆ, ನೀರು ಮುಟ್ಟಿದಾಗ 'ಬುಳಕ್' ಎಂಬ ಸದ್ದು ಮೇಲಕ್ಕೆ ಸ್ಪಷ್ಟವಾಗಿ ಕೇಳುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ, ಅಂದರೆ ಜನವರಿಯಲ್ಲಿ, ಮುಂಗಾರಿಗೆ ಮುಂಚೆ, ಆಗಸ್ಟಿನಲ್ಲಿ ಮತ್ತು ನವೆಂಬರಿನಲ್ಲಿ ಅಳೆಯುತ್ತದೆ. ನಾನೂ ಅದೇ ಕ್ರಮವನ್ನು ಇಟ್ಟುಕೊಂಡಿದ್ದೇನೆ. 2024ರ ಏಪ್ರಿಲಿನಲ್ಲಿ 212 ಅಡಿಗೆ ಇದ್ದ ನೀರು ನವೆಂಬರಿನಲ್ಲಿ 171 ಅಡಿಗೆ ಬಂತು. 2025ರ ಏಪ್ರಿಲಿನಲ್ಲಿ 188ಕ್ಕೆ ಇಳಿದು, ನವೆಂಬರಿನಲ್ಲಿ 154ಕ್ಕೆ ಏರಿತು. ಇದು ನಮ್ಮ ಒಂದು ಬಾವಿಯ ಪ್ರತಾಪವೆಂದು ಹೇಳುವುದು ತಪ್ಪಾಗುತ್ತದೆ. ಆ ಎರಡು ವರ್ಷವೂ ಒಳ್ಳೆಯ ಮಳೆಯಾಯಿತು, ಬೀದಿಯಲ್ಲಿ ಇನ್ನೂ ಕೆಲವರು ಬಾವಿ ತೋಡಿಸಿದರು, ಎದುರುಮನೆಯವರ ಮೋಟಾರು ಓಡುವಾಗ ನನ್ನ ಟೇಪಿನ ಅಂಕಿಯೇ ಬದಲಾಗುತ್ತದೆ. ಮನೆಮನೆಗೆ ಗೋಡೆಯಿದ್ದರೂ ಕೆಳಗಿನ ನೀರು ಒಂದೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ.

ನೀರಿನ ಗುಣವನ್ನೂ ಪರೀಕ್ಷಿಸಿದೆವು. ಹಳೆಯ ಬಾವಿಯ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 840 ಮಿಲಿಗ್ರಾಂನಿಂದ 610ಕ್ಕೆ, ನೈಟ್ರೇಟ್ 58ರಿಂದ 44ಕ್ಕೆ ಇಳಿದಿದೆ. ನೈಟ್ರೇಟಿನ ಮಿತಿ 45. ಬೆಂಗಳೂರಿನಂಥ ಊರುಗಳಲ್ಲಿ ಅದು ಏರಲು ದೊಡ್ಡ ಕಾರಣ ಸೋರುವ ಒಳಚರಂಡಿ. 2024ರ ನವೆಂಬರಿನ ಮಾದರಿಯಲ್ಲಿ ಕೋಲಿಫಾರ್ಮ್ ಇತ್ತು, ಸೋಸುತೊಟ್ಟಿಯ ಮರಳು ಬದಲಿಸಿದ ಮೇಲೆ 2025ರ ನವೆಂಬರಿನಲ್ಲಿ ಇರಲಿಲ್ಲ. ಆದರೆ 1,080 ಅಡಿಯ ಕೊಳವೆಬಾವಿಯ ಫ್ಲೋರೈಡ್ 1.9ರಿಂದ 1.8ಕ್ಕೆ ಬಂದದ್ದನ್ನು ಬದಲಾವಣೆ ಎನ್ನಲಾಗದು. ಆಳದ ನೀರು ಎರಡು ಮಳೆಗಾಲದಲ್ಲಿ ಸುಧಾರಿಸುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ತಂಡದ ಕೆಲಸದಲ್ಲಿದ್ದ ಕೊರತೆಗಳನ್ನೂ ಹೇಳಬೇಕು. ಮೊದಲನೆಯದಾಗಿ, ಒಳಗಿಳಿದವರಿಗೆ ತಲೆಗೆ ಹೆಲ್ಮೆಟ್ ಇರಲಿಲ್ಲ, ಸೊಂಟಕ್ಕೆ ಹಗ್ಗವಿರಲಿಲ್ಲ. ಅಭ್ಯಾಸವಾಗಿದೆ ಎಂದು ನಕ್ಕರು. ನನಗೆ ಅದು ಸರಿಬರಲಿಲ್ಲ. ಅರ್ಧ ದಿನ ಕೆಲಸ ನಿಲ್ಲಿಸಿ ನಾವೇ ಹೆಲ್ಮೆಟ್, ಸೊಂಟದ ಪಟ್ಟಿ, ದಪ್ಪ ಹಗ್ಗ ತಂದುಕೊಟ್ಟೆವು. ತೋಡಿಸುವವರು ಇದನ್ನು ಮೊದಲೇ ಖರ್ಚಿನಲ್ಲಿ ಸೇರಿಸಿಕೊಳ್ಳಲಿ. ಮುಚ್ಚಿಟ್ಟ ಹಳೆಯ ಬಾವಿಗೆ ಹೂಳೆತ್ತಲು ಇಳಿಯುವಾಗಂತೂ ಒಳಗಿನ ಗಾಳಿ ಉಸಿರಾಡಲು ಯೋಗ್ಯವೇ ಎಂದು ಪರೀಕ್ಷಿಸದೆ ಯಾರನ್ನೂ ಇಳಿಸಬಾರದು. ಎರಡನೆಯದಾಗಿ, ಅವರು ಕೊಟ್ಟ ಸಿಮೆಂಟ್ ಮುಚ್ಚಳ ಒಂದೇ ವರ್ಷದಲ್ಲಿ ಬಿರುಕು ಬಿಟ್ಟಿತು. ಬೀದಿಯ ಮಕ್ಕಳು ಆಡುವ ಜಾಗದಲ್ಲಿ ಅದು ಸಣ್ಣ ವಿಷಯವಲ್ಲ. ಈಗ ಬೀಗ ಹಾಕುವ ಕಬ್ಬಿಣದ ಮುಚ್ಚಳ ಹಾಕಿಸಿದ್ದೇವೆ. ಮಣ್ಣಿನ ಪದರಗಳನ್ನು ಬರೆದುಕೊಟ್ಟ ಕಾಗದವಾಗಲಿ, ನಿರ್ವಹಣೆಯ ಸೂಚನೆಯಾಗಲಿ ಅವರಿಂದಲೂ ಸಿಗಲಿಲ್ಲ. ಪದರಗಳನ್ನು ನಾನೇ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇನೆ.

ನಿಯಮಗಳ ಬಗ್ಗೆ ಕೇಳುವವರಿಗೆ ಸಂಕ್ಷೇಪವಾಗಿ ಹೇಳುವುದಾದರೆ, ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ 60×40 ಅಡಿಯ ನಿವೇಶನದ ಹಳೆಯ ಕಟ್ಟಡಗಳಿಗೂ 30×40ರ ಹೊಸ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಅಳವಡಿಸದವರು ನೀರಿನ ಬಿಲ್ಲಿನ ಮೇಲೆ ದಂಡ ಕಟ್ಟಬೇಕು. ಜಯನಗರದ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನಕ್ಕೆ ಒಮ್ಮೆ ಹೋಗಿಬಂದರೆ ಸೋಸುವ ಬಗೆಬಗೆಯ ವ್ಯವಸ್ಥೆಗಳನ್ನು ಕಣ್ಣಾರೆ ನೋಡಬಹುದು. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಬೇಕು. ಇವೆಲ್ಲ ಬೇಕಾದ ಕಾನೂನುಗಳೇ. ನನ್ನ ಆಕ್ಷೇಪವಿರುವುದು ಒಂದು ಕಡೆ: 1882ರ ಸೌಕರ್ಯ ಹಕ್ಕುಗಳ (ಈಸ್‌ಮೆಂಟ್ಸ್) ಕಾಯ್ದೆಯ ಕಾಲದಿಂದ ನೆಲದ ಒಡೆಯನಿಗೆ ನೆಲದಡಿಯ ನೀರಿನ ಮೇಲೆ ಹಕ್ಕಿದೆ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಸುಪ್ರೀಂ ಕೋರ್ಟಿನ ಸೂಚನೆಯ ಮೇಲೆ 1997ರಲ್ಲಿ ಕೇಂದ್ರ ಅಂತರ್ಜಲ ಪ್ರಾಧಿಕಾರ ಬಂದ ಮೇಲೂ ಅದು ಹೆಚ್ಚು ಸಡಿಲವಾಗಿಲ್ಲ. ಮಳೆಕೊಯ್ಲಿನ ತಪಾಸಣೆಯಲ್ಲೂ ಪೈಪು ಇದೆಯೇ ಎಂಬುದಕ್ಕಿರುವ ಒತ್ತು ಪೈಪಿನೊಳಗೆ ಹರಿಯುವ ನೀರು ಎಂಥದ್ದು ಎಂಬುದಕ್ಕೆ ಸಿಗಬೇಕು. ಕೇಸಿಂಗ್‌ಗೆ ನೇರವಾಗಿ ನೀರು ಬಿಡುವುದನ್ನು ಪತ್ತೆಹಚ್ಚಿ ನಿಲ್ಲಿಸಬೇಕು, ಬಾವಿ ಕೊರೆಯುವವರು ಕಲ್ಲಿನ ಪದರಗಳ ವಿವರವನ್ನು ಮನೆಯವರಿಗೂ ಇಲಾಖೆಗೂ ಬರೆದುಕೊಡಲೇಬೇಕು. 2019ರ ಡಿಸೆಂಬರಿನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಹಳ್ಳಿಗಳ ಜನ ತಾವೇ ನೀರಿನ ಮಟ್ಟ ಅಳೆದು ನೀರಿನ ಆಯವ್ಯಯ ಬರೆಯುವುದನ್ನು ಕಲಿತರು. ನಗರದ ವಾರ್ಡುಗಳಿಗೂ ಅಂಥದ್ದೊಂದು ಬರಲಿ ಎಂದು ನಮ್ಮ ನಿವಾಸಿಗಳ ಸಂಘದಿಂದ ಮನವಿ ಬರೆದಿದ್ದೇವೆ.

ಆ ಸಂಘದಲ್ಲೇ ಕಳೆದ ವರ್ಷ ದೊಡ್ಡ ಚರ್ಚೆಯಾಯಿತು. ರಸ್ತೆಯ ಮಳೆನೀರನ್ನೂ ಇಂಗುಬಾವಿಗಳಿಗೆ ತಿರುಗಿಸೋಣವೆಂದು ಕೆಲವರು, ಹತ್ತಿರದ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ಕೊಳಚೆ ನೀರು ವ್ಯರ್ಥವಾಗುತ್ತಿದೆ, ಅದನ್ನೂ ಬಿಡೋಣವೆಂದು ಇನ್ನು ಕೆಲವರು. ಎರಡನ್ನೂ ನಾನು ವಿರೋಧಿಸಿದೆ. ರಸ್ತೆಯ ನೀರಿನಲ್ಲಿ ಎಂಜಿನ್ ಎಣ್ಣೆ, ನಾಯಿಗಳ ಮಲ, ಗ್ಯಾರೇಜಿನ ಕೊಳೆ ಎಲ್ಲ ಇರುತ್ತದೆ. ಸಂಸ್ಕರಿಸಿದ ನೀರಿನ ವಿಷಯದಲ್ಲಿ ನನಗೆ ನೆನಪಾದದ್ದು ತವರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ಕೊಳಚೆ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿದಾಗ ನಮ್ಮವರು ಕುಣಿದಾಡಿದ್ದರು. ಕೆಲವೇ ವಾರಗಳಲ್ಲಿ ನೊರೆ ಕಂಡು ವಿಷಯ ಹೈಕೋರ್ಟಿಗೆ ಹೋಯಿತು. ಬತ್ತಿದ್ದ ಬಾವಿಗಳಲ್ಲಿ ನೀರು ಬಂದದ್ದೂ ನಿಜ, ಮೂರನೇ ಹಂತದ ಸಂಸ್ಕರಣೆ ಬೇಕೆಂದು ಜನ ಈಗಲೂ ಕೇಳುತ್ತಿರುವುದೂ ನಿಜ. ಕೆರೆಯಲ್ಲಿ ನಿಂತು ಬಿಸಿಲು ಕಂಡು ಮಣ್ಣಿನಲ್ಲಿ ಇಳಿಯುವ ನೀರಿನ ಬಗ್ಗೆಯೇ ಇಷ್ಟು ಆತಂಕವಿರುವಾಗ, ಇಪ್ಪತ್ತು ಅಡಿಯ ರಿಂಗು ಬಾವಿಗೆ ಅದನ್ನು ನೇರವಾಗಿ ಬಿಡುವುದನ್ನು ನಾನು ಹೇಗೆ ಒಪ್ಪಲಿ? ಕೆಟ್ಟ ನೀರನ್ನು ಕೊಡದಿಂದ ಚೆಲ್ಲಬಹುದು. ಬಂಡೆಯ ಬಿರುಕಿಗೆ ಸೇರಿದ್ದನ್ನು ತೊಳೆಯುವುದು ಆಗದ ಮಾತು. ಕೊನೆಗೆ ತಾರಸಿಯ ನೀರು ಮಾತ್ರವೆಂದು ಸಂಘ ತೀರ್ಮಾನಿಸಿತು. ಚೊಂಬು ಹಿಡಿದು ಬಂದಿದ್ದ ಅಜ್ಜಿ ಸಭೆಯಲ್ಲಿ ಎದ್ದು ಹೇಳಿದ ಎರಡು ಮಾತು ನನ್ನ ಅಂಕಿಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಖರ್ಚಿನ ಬಗ್ಗೆ: ತೋಡುವ ಕೂಲಿ, ಇಪ್ಪತ್ತು ರಿಂಗು, ಜಲ್ಲಿ, ಸಾಗಣೆ ಸೇರಿ 38,000 ರೂಪಾಯಿ, ಸೋಸುತೊಟ್ಟಿ ಮತ್ತು ಪೈಪುಗಳಿಗೆ 14,500, ಆಮೇಲೆ ಕಬ್ಬಿಣದ ಮುಚ್ಚಳಕ್ಕೆ 4,200. ಸಾವಿರ ಅಡಿ ಕೊರೆಸಿದ ಖರ್ಚಿನ ಪಕ್ಕದಲ್ಲಿಟ್ಟರೆ ಇದು ಬಹಳ ಕಡಿಮೆ. ಹತ್ತಿರದಲ್ಲೇ ಬಳಕೆಯಲ್ಲಿರುವ ಕಕ್ಕಸುಗುಂಡಿ ಇರುವವರು, ಕಾರ್ಖಾನೆ ಅಥವಾ ಪೆಟ್ರೋಲ್ ಬಂಕಿನ ಪಕ್ಕದವರು, ಮಳೆಗಾಲದಲ್ಲಿ ನಾಲ್ಕಾರು ಅಡಿಗೇ ನೀರು ಕಾಣುವ ತಗ್ಗು ಜಾಗದವರು ಇದನ್ನು ಮಾಡಿಸದಿರುವುದೇ ಮೇಲು. ಅಂಥವರು ಮಳೆನೀರನ್ನು ಸಂಪಿನಲ್ಲಿ ಹಿಡಿದು ಬಳಸಲಿ. ಉಳಿದವರು ಏಪ್ರಿಲಿನೊಳಗೆ ಮೇಸ್ತ್ರಿಗೆ ಹೇಳಿಡುವುದು ಒಳ್ಳೆಯದು, ಮೊದಲ ಮಳೆ ಬಿದ್ದ ಮೇಲೆ ಅವರು ಕೈಗೆ ಸಿಗುವುದಿಲ್ಲ. ನಮ್ಮ ಬಾವಿಯ ಹೂಳು ತೆಗೆಯಲು ಕಳೆದ ಮೇ ತಿಂಗಳಲ್ಲಿ ಅದೇ ತಂಡ ಬಂದಿತ್ತು. ಈ ಸಲ ಹೆಲ್ಮೆಟ್ ಅವರದ್ದೇ ಇತ್ತು. ಒಂದು ವರ್ಷಕ್ಕೆ ಸೇರಿದ್ದ ಹೂಳು ಎರಡು ಬಾಂಡ್ಲಿಯಷ್ಟೇ. ಮೇಸ್ತ್ರಿ ಅದನ್ನು ಮೂಸಿ ನೋಡಿ, ವಾಸನೆಯಿಲ್ಲವೆಂದು ಹೇಳಿ, ದಾಸವಾಳದ ಬುಡಕ್ಕೆ ಸುರಿದು ಹೋದರು.